ಏಜೆಂಟ್ "ಮರೆತೆ" ಅಂತು, ಮತ್ತೆ ಅದನ್ನೇ ಹೇಳ್ತು: ನೆನಪು ನಿಜವಾಗಿ ಅಳಿಸೋದು ಹೇಗೆ?

ಪ್ರಶ್ನೆ: ಮೇಡಂ, ನಮಸ್ಕಾರ. ಕೊಡಗಿನ ನಾಪೋಕ್ಲು ಹತ್ರ ನಮ್ಮದೊಂದು ಸಣ್ಣ ಕಾಫಿ ತೋಟ, ಜೊತೆಗೆ ಮೂರು ರೂಮಿನ ಹೋಮ್‌ಸ್ಟೇ. ತಂಗಿ ಮಗ ಬೆಂಗಳೂರಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ, ವಾಟ್ಸಾಪಿಗೆ ಒಂದು ಏಐ ಏಜೆಂಟ್ ಮಾಡಿಕೊಟ್ಟಿದ್ದಾನೆ. ಬುಕ್ಕಿಂಗ್ ಅದೇ ನೋಡ್ಕೊಳ್ತದೆ, ಮಳೆ ಲೆಕ್ಕ, ಆಳಿನ ಲೆಕ್ಕ ಹೇಳಿದ್ರೆ ನೆನಪಿಟ್ಕೊಳ್ತದೆ. ಹೋದ ಫೆಬ್ರವರಿಲಿ ಬಂದ ಗೆಸ್ಟ್ ಒಬ್ಬರು ಹೆಂಡತಿಗೆ ಶುಗರ್ ಉಂಟು, ಇನ್ಸುಲಿನ್ ಇಡೋಕೆ ಫ್ರಿಜ್ ಬೇಕು ಅಂದಿದ್ರು. ಮೊನ್ನೆ ಅವರ ಆಫೀಸಿನ ಇನ್ನೊಬ್ಬರು ಎಲ್ಲರಿಗೂ ಸೇರಿಸಿ ರೂಮ್ ಕೇಳಿದಾಗ ನಮ್ಮ ಏಜೆಂಟ್ ಅವರಿಗೆ "ಮೇಡಂ ಇನ್ಸುಲಿನ್‌ಗೆ ಫ್ರಿಜ್ ರೆಡಿ ಇಡ್ತೀವಿ" ಅಂತ ಹೇಳಿಬಿಟ್ಟಿದೆ. ಆಫೀಸಲ್ಲಿ ಯಾರಿಗೂ ಗೊತ್ತಿರಲಿಲ್ವಂತೆ, ಆ ಗೆಸ್ಟಿಗೆ ತುಂಬಾ ಬೇಜಾರಾಯ್ತು, ನಮ್ಮ ವಿಷಯ ಎಲ್ಲ ಅಳಿಸಿ ಅಂದ್ರು. ನಾನು ಏಜೆಂಟಿಗೆ "ಅದನ್ನ ಮರೆತುಬಿಡು" ಅಂದೆ, "ಸರಿ, ಅಳಿಸಿದ್ದೇನೆ" ಅಂತು. ಎರಡು ವಾರ ಬಿಟ್ಟು ಫ್ರಿಜ್ ರಿಪೇರಿ ಬಗ್ಗೆ ಏನೋ ಕೇಳಿದ್ರೆ ಮತ್ತೆ ಅದೇ ಇನ್ಸುಲಿನ್ ಕಥೆ ತೆಗೀತು. ಇದು ಮಾಡೆಲ್ ತಲೆ ಒಳಗೇ ಹೋಗಿಬಿಟ್ಟಿದ್ಯಾ? ಹುಡುಗ ಕೊಟ್ಟ ಫೈಲು, ಲಾಗು ಎಲ್ಲ ಕಳಿಸ್ತಿದ್ದೇನೆ, ನೋಡಿ ಹೇಳಿ.

ಉತ್ತರ: ಅಣ್ಣಾ, ಮೊದಲು ಆ ತಲೆ ಒಳಗೆ ಹೋದ ಭಯ ಬಿಡಿ, ಹೋಗಿಲ್ಲ. ನಿಮ್ಮ ಏಜೆಂಟಿನ ಹಿಂದಿರೋ ಮಾಡೆಲ್‌ಗೆ, ಅಂದ್ರೆ ಮಾತು ಓದಿ ಉತ್ತರ ಬರೆಯೋ ಏಐಗೆ, ನಿಮ್ಮ ಗೆಸ್ಟು ಯಾರು, ನಾಪೋಕ್ಲು ಮನೆ ಯಾವುದು ಎಂತದೂ ನೆನಪಿರಲ್ಲ. ಹೀಗೆ ಅಂದ್ಕೊಳ್ಳಿ, ನಿಮ್ಮ ತೋಟಕ್ಕೆ ದಿನಾ ಬೆಳಿಗ್ಗೆ ಒಬ್ಬ ಹೊಸ ರೈಟರ್ (ಲೆಕ್ಕ ಬರೆಯೋನು) ಬರ್ತಾನೆ, ನಿನ್ನೆ ಬಂದಿದ್ದವನಲ್ಲ, ಬುದ್ಧಿವಂತ ಆದ್ರೆ ಊರು ಕೇರಿ ಗೊತ್ತಿಲ್ಲ, ಬಂದವನೇ ಮೇಜಿನ ಮೇಲಿರೋ ನೋಟ್‌ಬುಕ್ ಓದ್ತಾನೆ, ಓದಿ ಹಳಬನ ಹಾಗೆ ಮಾತಾಡ್ತಾನೆ, ಸಂಜೆ ಹೋಗೋ ಮುಂಚೆ ಅದರಲ್ಲೇ ನಾಲ್ಕು ಸಾಲು ಬರೆದಿಟ್ಟು ಹೋಗ್ತಾನೆ. ನೆನಪು ಅಂದ್ರೆ ಆ ನೋಟ್‌ಬುಕ್ಕು, ಅಷ್ಟೇ. ಮಾಡೆಲ್‌ಗೆ ಟ್ರೈನಿಂಗಲ್ಲೇ ಕಲಿಸಿಬಿಟ್ಟಿದ್ದನ್ನ ಮರೆಸೋದು ಬೇರೆ ವಿಷಯ, ಅದು ಇವತ್ತಿಗೂ ಸಂಶೋಧಕರಿಗೆ ತಲೆನೋವು. ನಿಮ್ಮದು ಅದಲ್ಲ. ನಿಮ್ಮದು ಪುಸ್ತಕದಿಂದ ಒಂದು ಸಾಲು ತೆಗೆಯೋ ಕೆಲಸ. ಸುಲಭ ಅಂತ ಹೇಳ್ತಿಲ್ಲ, ಆದ್ರೆ ಆಗೋ ಕೆಲಸ.

ಆ ಪುಸ್ತಕಕ್ಕೆ ಬರೆಯೋದು ಓದೋದು ಎಲ್ಲ ಟೂಲ್ ಮೂಲಕ ನಡೀತದೆ. ಮಾಡೆಲ್ ನೇರವಾಗಿ ಏನೂ ಮುಟ್ಟಲ್ಲ, "ಈ ಟೂಲ್ ಕರೀರಿ, ಇದನ್ನ ಬರೀರಿ" ಅಂತ ಕೇಳ್ತದೆ, ನಿಮ್ಮ ಹುಡುಗ ಬರೆದ ಕೋಡು ಆ ಕೆಲಸ ಮಾಡ್ತದೆ. ಏಐ ಕಂಪನಿ ಆಂಥ್ರೋಪಿಕ್‌ನವರು 2025ರ ಸೆಪ್ಟೆಂಬರಲ್ಲಿ ತಮ್ಮ ಮಾಡೆಲ್ ಕ್ಲಾಡ್‌ಗೆ ಅಂತ ಬಿಟ್ಟ ಮೆಮೊರಿ ಟೂಲ್ ನೋಡಿದ್ರೆ ಇದು ಸಲೀಸಾಗಿ ಅರ್ಥ ಆಗ್ತದೆ, ಒಂದು ಫೋಲ್ಡರ್ ಇರ್ತದೆ, ಅದರಲ್ಲಿ ಫೈಲುಗಳು, ಏಜೆಂಟಿಗೆ ಆರೇ ಕಮಾಂಡು: ವ್ಯೂ, ಕ್ರಿಯೇಟ್, ಸ್ಟ್ರಿಂಗ್ ರಿಪ್ಲೇಸ್ (ಒಂದು ಮಾತಿನ ಜಾಗದಲ್ಲಿ ಇನ್ನೊಂದು ಹಾಕೋದು), ಇನ್ಸರ್ಟ್, ಡಿಲೀಟ್, ರಿನೇಮ್. ಫೈಲು ಇರೋದು ಅವರ ಹತ್ರ ಅಲ್ಲ, ಏಜೆಂಟ್ ಕಟ್ಟಿದವರ ಹತ್ರ. ಅಂದ್ರೆ ಡಿಲೀಟ್ ಅಂತ ಮಾಡೆಲ್ ಕೇಳಿದಾಗ ನಿಜವಾಗಿ ಏನಾಗಬೇಕು ಅನ್ನೋದು ಕಟ್ಟಿದವನ ಕೈಲಿ. ಅವನು ಕೋಡ್ ಬರೆಯದೆ ಬಿಟ್ಟಿದ್ರೆ ಅಥವಾ ಅರ್ಧ ಬರೆದಿದ್ರೆ ಮಾಡೆಲ್ ಎಷ್ಟೇ ಒಳ್ಳೇದಿದ್ರೂ ಏನೂ ಹೋಗಲ್ಲ.

ಈಗ ನಿಮ್ಮ ಲಾಗಿಗೆ, ಅಂದ್ರೆ ಏಜೆಂಟ್ ಏನೇನು ಮಾಡ್ತು ಅನ್ನೋ ದಾಖಲೆಗೆ ಬರ್ತೇನೆ. ನಿಮ್ಮ ಹುಡುಗ ಏಜೆಂಟಿಗೆ ಮೂರು ಟೂಲ್ ಕೊಟ್ಟಿದ್ದಾನೆ, ಸೇವ್, ಸರ್ಚ್, ಅಪ್‌ಡೇಟ್. ಡಿಲೀಟ್ ಅನ್ನೋದು ಕೊಟ್ಟೇ ಇಲ್ಲ! ನೀವು ಮರೆತುಬಿಡು ಅಂದ ಆ ದಿನ ಅದು ಕರೆದ ಟೂಲ್ ಯಾವುದು ಗೊತ್ತಾ, ಸೇವ್. ಪಾಪ ಅದರ ಕೈಲಿದ್ದದ್ದು ಅಷ್ಟೇ. ಅಳಿಸೋಕೆ ರಬ್ಬರ್ ಇಲ್ಲ, ಪೆನ್ಸಿಲ್ ಮಾತ್ರ ಉಂಟು, ಹಾಗಾಗಿ ಪೆನ್ಸಿಲಲ್ಲೇ ಬರೀತು. ಬರೆದದ್ದು ಹೀಗೆ:

"ಮಾಲೀಕರ ಸೂಚನೆ: ಫೆಬ್ರವರಿಯಲ್ಲಿ ಬಂದ ಗೆಸ್ಟ್ ಅವರ ಹೆಂಡತಿಯ ಶುಗರ್ ಮತ್ತು ಇನ್ಸುಲಿನ್ ವಿಷಯವನ್ನು ಮರೆಯಬೇಕು, ಯಾರಿಗೂ ಹೇಳಬಾರದು."

ನೋಡಿ ನಗು ಬರ್ತದೆ, ಆದ್ರೆ ನಗೋ ವಿಷಯ ಅಲ್ಲ. ಮೊದಲೇ ಇದ್ದ ಆ ಗುಟ್ಟಿಗೆ ಈಗ ಇನ್ನೊಂದು ಸಾಲು ಸೇರಿತು, ಅದೂ ಈ ಹೊಸ ಸಾಲಲ್ಲಿ "ಇದು ಗುಟ್ಟು" ಅಂತ ಬೇರೆ ಕೆಂಪು ಗೆರೆ ಎಳೆದ ಹಾಗೆ. ಆಮೇಲೆ ನೀವು ಫ್ರಿಜ್ ರಿಪೇರಿ ಅಂದಾಗ ಸರ್ಚ್ ಟೂಲು ಫ್ರಿಜ್‌ಗೆ ಹತ್ತಿರದ್ದು ಏನುಂಟು ಅಂತ ಹುಡುಕಿ ಹಳೇ ಸಾಲು ತಂದು ಮುಂದಿಡ್ತು, ಮರೀಬೇಕು ಅನ್ನೋ ಹೊಸ ಸಾಲು ಆ ಪಟ್ಟಿಲಿ ಮೇಲೆ ಬಂದೇ ಇಲ್ಲ, ಯಾಕಂದ್ರೆ ಅದರಲ್ಲಿ ಫ್ರಿಜ್ ಅನ್ನೋ ಮಾತೇ ಇರಲಿಲ್ಲ. ಅದಕ್ಕೆ ನಾನು ಯಾರಿಗಾದ್ರೂ ಹೇಳೋದು, ಏಜೆಂಟ್ "ಅಳಿಸಿದೆ" ಅಂತ ಬರೆದ ವಾಕ್ಯ ಪುರಾವೆ ಅಲ್ಲ, ಅದು ಮಾತು. ಲಾಗಲ್ಲಿ ಯಾವ ಟೂಲ್ ಕರೆದಿದೆ, ಟೂಲ್ ಏನು ವಾಪಸ್ ಕೊಟ್ಟಿದೆ, ಅದನ್ನ ನೋಡಿ. ಬಾಯಲ್ಲಿ ಆಯ್ತು ಅಂದು ಬುಕ್ಕಲ್ಲಿ ಬರೆಯದೆ ಹೋದ ರೈಟರ್‌ನ ನಾವು ನಂಬ್ತೀವಾ? ಸಂಬಳದ ದಿನ ಗೊತ್ತಾಗ್ತದೆ.

ಹಾಗಾದ್ರೆ ಹುಡುಗನಿಗೆ ಹೇಳಿ ಒಂದು ಡಿಲೀಟ್ ಟೂಲ್ ಹಾಕಿಸಿದ್ರೆ ಮುಗೀತಾ? ಅರ್ಧ ಮುಗೀತು. ಡಿಲೀಟ್ ಟೂಲಿಗೆ ಏನು ಕೊಡ್ತಾರೆ ಅನ್ನೋದರಲ್ಲಿ ಎಡವೋದು ಜಾಸ್ತಿ. ಇದು ನಾನೇ ಕೈ ಸುಟ್ಕೊಂಡು ಕಲಿತದ್ದು. ಗೋಣಿಕೊಪ್ಪದ ನಮ್ಮ ಮನೆ ತೋಟಕ್ಕೆ ನಾನೂ ಒಂದು ಏಜೆಂಟ್ ಇಟ್ಕೊಂಡಿದ್ದೆ, ಒಂದಿನ ರಾತ್ರಿ ನಿದ್ದೆಗಣ್ಣಲ್ಲಿ "ಹಳೇ ಪೆಪ್ಪರ್ ರೇಟ್ ಎಲ್ಲ ತೆಗೆದುಹಾಕು" ಅಂತ ಟೈಪ್ ಮಾಡಿದೆ. ನನ್ನ ಡಿಲೀಟ್ ಟೂಲ್ ಆಗ ಹೇಗಿತ್ತು ಅಂದ್ರೆ ಮಾತು ಕೊಟ್ರೆ ಅದಕ್ಕೆ ಅರ್ಥದಲ್ಲಿ ಹತ್ತಿರ ಇರೋ ಹತ್ತು ನೆನಪು ಹುಡುಕಿ ಹತ್ತನ್ನೂ ಅಳಿಸೋದು. ರೇಟ್ ಇದ್ದದ್ದು ಮೂರು ಸಾಲು. ಮಿಕ್ಕ ಏಳು ಯಾವುದು ಅಂತೀರಿ, ಯಾವ ಬ್ಲಾಕಲ್ಲಿ ಯಾವ ಬಳ್ಳಿಗೆ ಸೊರಗು ರೋಗ ಬಂತು, ಬೋರ್ಡೋ ಮದ್ದು ಹೊಡೆದ ತಾರೀಕು, ನರ್ಸರಿಯಿಂದ ತಂದ ಗಿಡದ ಲೆಕ್ಕ, ಎಲ್ಲ ಪೆಪ್ಪರ್ ಅಲ್ವ, ಎಲ್ಲ ಹತ್ತಿರವೇ! ಬ್ಯಾಕಪ್ ಇರಲಿಲ್ಲ. ನಮ್ಮ ಯಜಮಾನರು ಎರಡು ದಿನ ಮಾತಾಡಲಿಲ್ಲ.

ಅವತ್ತಿಂದ ನನ್ನ ಕ್ರಮ ಹೀಗೆ. ಹುಡುಕೋದು ಒಂದು ಟೂಲು, ಅಳಿಸೋದು ಇನ್ನೊಂದು, ಎರಡನ್ನೂ ಸೇರಿಸೋದೇ ಬೇಡ. ಪ್ರತಿ ನೆನಪಿಗೂ ಒಂದು ಐಡಿ ನಂಬರ್ ಇರ್ಬೇಕು, ಡಿಲೀಟ್ ಟೂಲು ಐಡಿ ಮಾತ್ರ ತಗೊಳ್ಬೇಕು, ಮಾತು ತಗೊಳ್ಬಾರ್ದು. ಅಳಿಸು ಅಂದ್ರೆ ಏಜೆಂಟ್ ಮೊದಲು ಹುಡುಕಿ "ಈ ನಾಲ್ಕು ಸಾಲು ಸಿಕ್ತು, ಯಾವುದು ತೆಗೀಲಿ" ಅಂತ ಪೂರ್ತಿ ಸಾಲನ್ನ ತೋರಿಸ್ಬೇಕು, ಮನುಷ್ಯ ಹೂಂ ಅನ್ಬೇಕು, ಆಮೇಲೆ ಡಿಲೀಟ್, ಆಮೇಲೆ ಅದೇ ಐಡಿ ಮತ್ತೆ ಓದಿ ಇಲ್ಲ ಅಂತ ಬಂದ್ರೆ ಮಾತ್ರ "ಅಳಿಸಿದೆ" ಅನ್ನಬೇಕು. ಆ ಕೊನೇ ವಾಕ್ಯವನ್ನ ಮಾಡೆಲ್ ಕೈಲಿ ಬರೆಸಬೇಡಿ, ಕೋಡೇ ಬರೀಲಿ. ನಿಮ್ಮ ಕಡೆ ಜೂನ್ ಜುಲೈಲಿ ಕರೆಂಟು ನೆಟ್‌ವರ್ಕು ಹೇಗಿರ್ತದೆ ಅಂತ ನಾನು ಹೇಳ್ಬೇಕಾ, ಡಿಲೀಟ್ ಕರೆದ ಹೊತ್ತಿಗೇ ಲೈನ್ ಹೋದ್ರೆ ಟೂಲ್‌ನಿಂದ ಉತ್ತರವೇ ಬರಲ್ಲ, ಟೈಮ್ ಔಟ್ ಅಂತ ಮಾತ್ರ ಬರ್ತದೆ, ಕೆಲವು ಮಾಡೆಲ್ ಅದನ್ನ ಕಂಡೂ ಕಾಣದ ಹಾಗೆ ಆಯ್ತು ಅಂದುಬಿಡ್ತವೆ. ನಿಮ್ಮ ಲಾಗಲ್ಲೇ ಮಳೆ ಲೆಕ್ಕದ ವಿಷಯದಲ್ಲಿ ಎರಡು ಸಲ ಹಾಗಾಗಿದೆ, ಬರೆದಿಲ್ಲ, ಬರೆದೆ ಅಂದಿದೆ.

ಇನ್ನು ನಿಮ್ಮ ಫೈಲಲ್ಲಿ ಹುಡುಕಿದಾಗ ಸಿಕ್ಕಿದ್ದು. ನೀವು ಒಂದೇ ಸಾಲು ಅಂದ್ಕೊಂಡಿದ್ದೀರಿ, ನನಗೆ ಐದು ಕಡೆ ಸಿಕ್ತು. ಮೂಲ ಸಾಲು ಕನ್ನಡದಲ್ಲಿ. ಅದೇ ವಿಷಯ ಇಂಗ್ಲಿಷಲ್ಲಿ "ವೈಫ್ ಡಯಾಬಿಟಿಕ್" ಅಂತ ಇನ್ನೊಂದು, ಯಾಕಂದ್ರೆ ಆ ಗೆಸ್ಟು ಇಂಗ್ಲಿಷಲ್ಲೂ ಒಂದು ಸಲ ಮೆಸೇಜ್ ಹಾಕಿದ್ರು. ಮೂರನೇದು ನಿಮ್ಮ ಮನೆಯವರು ಕೊಡವ ತಕ್ಕ್‌ಲಿ (ಕೊಡವ ಭಾಷೆಲಿ) ವಾಯ್ಸ್ ಮೆಸೇಜ್ ಕಳಿಸಿದ್ದು ಟೆಕ್ಸ್ಟ್ ಆಗಿ, ಅರ್ಧಂಬರ್ಧ ತಪ್ಪು ತಪ್ಪಾಗಿ ಬಿದ್ದಿರೋದು. ನಾಲ್ಕನೇದು ಮೇಲೆ ಹೇಳಿದ ಆ ಮಾಲೀಕರ ಸೂಚನೆ. ಐದನೇದು ವಾರದ ಸಾರಾಂಶ. ನಮ್ಮ ಜಿಲ್ಲೆಲಿ ಇದೊಂದು ಕಷ್ಟ, ಒಂದೇ ಮನೆಲಿ ಮೂರು ಭಾಷೆ ಓಡ್ತದೆ, ಒಬ್ಬರನ್ನೇ ಒಂದು ಕಡೆ ಮನೆಹೆಸರಲ್ಲಿ ಕರೀತೀವಿ, ಇನ್ನೊಂದು ಕಡೆ ಹೆಸರಲ್ಲಿ, ಮತ್ತೊಂದು ಕಡೆ "ಬಿಳಿ ಕಾರಿನವರು" ಅಂತ. ಅರ್ಥದ ಮೇಲೆ ಹುಡುಕೋ ಸರ್ಚಿಗೆ ಇಂಗ್ಲಿಷ್ ಚೆನ್ನಾಗಿ ಬರ್ತದೆ, ಕನ್ನಡ ಪರವಾಗಿಲ್ಲ, ಕೊಡವ ತಕ್ಕ್ ಅರೆಭಾಷೆ ಅಂದ್ರೆ ಕಣ್ಣು ಬಾಯಿ ಬಿಡ್ತದೆ. ಹಾಗಾಗಿ ಅಳಿಸೋ ವಿಷಯದಲ್ಲಿ ಆ ಸರ್ಚನ್ನ ಮಾತ್ರ ನಂಬ್ಕೊಂಡು ಕೂರ್ಬೇಡಿ. ಗೆಸ್ಟಿನ ಫೋನ್ ನಂಬರ್, ಬುಕ್ಕಿಂಗ್ ನಂಬರ್, ಬಂದ ತಾರೀಕು, ಹೆಸರಿನ ಎಲ್ಲ ಸ್ಪೆಲ್ಲಿಂಗು, ಇಷ್ಟನ್ನೂ ಅಕ್ಷರಕ್ಕೆ ಅಕ್ಷರ ಹುಡುಕಿ, ಆಮೇಲೆ ಆ ತಾರೀಕಿನ ಎರಡು ಮೂರು ದಿನದ ಎಲ್ಲ ಸಾಲನ್ನ ಕಣ್ಣಲ್ಲೇ ಓದಿ. ನಿಮ್ಮದು ಎಲ್ಲ ಸೇರಿ ನಾನ್ನೂರು ಚಿಲ್ಲರೆ ಸಾಲು, ಕಾಫಿ ಕುಡೀತಾ ಓದಿ ಮುಗಿಸಬಹುದು.

ಆ ಐದನೇದು, ವಾರದ ಸಾರಾಂಶ, ಅದರ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳ್ಬೇಕು ಯಾಕಂದ್ರೆ ನೀವು ಎಲ್ಲ ಅಳಿಸಿದ ಮೇಲೂ ವಿಷಯ ಮತ್ತೆ ಹುಟ್ಟೋದು ಅಲ್ಲಿಂದ. ಹುಡುಗ ತಾನಾಗೇ ಓಡೋ ಒಂದು ರಾತ್ರಿ ಕೆಲಸ ಇಟ್ಟಿದ್ದಾನೆ, ಪ್ರತಿ ಭಾನುವಾರ ರಾತ್ರಿ ಹಳೇ ಚಾಟ್ ಎಲ್ಲ ಓದಿ ಮುಖ್ಯ ಅನ್ನಿಸಿದ್ದನ್ನ ಆರಿಸಿ ಹೊಸದಾಗಿ ನೆನಪು ಮಾಡಿಡ್ತದೆ. ಒಳ್ಳೇ ಐಡಿಯಾನೇ. ಆದ್ರೆ ನೀವು ನೆನಪಿನ ಸಾಲು ಮಾತ್ರ ಅಳಿಸಿ ಮೂಲ ಚಾಟ್ ಹಾಗೇ ಬಿಟ್ರೆ ಭಾನುವಾರ ಅದು ಬಂದು ಓದ್ತದೆ, "ಅರೆ, ಇನ್ಸುಲಿನ್, ಇದು ಮುಖ್ಯ" ಅಂತ ಮತ್ತೆ ಬರೀತದೆ. ಅರೇಬಿಕಾ ತೋಟದವರಿಗೆ ಇದು ಬಿಡಿಸಿ ಹೇಳೋದೇ ಬೇಡ, ಬೋರರ್ ಹಿಡಿದ ಗಿಡ ಕಡಿದು ಅಲ್ಲೇ ಸಾಲಿನ ಪಕ್ಕ ಹಾಕಿದ್ರೆ ಗಿಡ ಹೋಯ್ತು ಅಂತ ನಾವು ಅಂದ್ಕೊಳ್ತೀವಿ, ಕಾಂಡದೊಳಗಿರೋ ಹುಳ ಅಲ್ಲೇ ಬೆಳೆದು ದುಂಬಿಯಾಗಿ ಹೊರಗೆ ಬಂದು ಪಕ್ಕದ ಗಿಡಕ್ಕೆ ಮೊಟ್ಟೆ ಇಡ್ತದೆ. ಅದಕ್ಕೇ ಕಿತ್ತು ಸುಡಿ ಅನ್ನೋದು. ಇಲ್ಲೂ ಹಾಗೇ, ಮೊದಲು ಮೂಲ ಚಾಟಲ್ಲಿರೋ ಆ ಮೆಸೇಜು, ಆಮೇಲೆ ಅದರಿಂದ ಹುಟ್ಟಿದ ನೆನಪು, ಆಮೇಲೆ ಆ ನೆನಪಿಂದ ಹುಟ್ಟಿದ ಸಾರಾಂಶ. ಪ್ರತಿ ನೆನಪು ಯಾವ ಮೆಸೇಜಿಂದ ಬಂತು, ಪ್ರತಿ ಸಾರಾಂಶ ಯಾವ ಯಾವ ನೆನಪಿಂದ ಆಯ್ತು ಅಂತ ಐಡಿ ಬರೆದಿಟ್ಟಿದ್ರೆ ಒಂದೇ ಏಟಿಗೆ ಬುಡದಿಂದ ತುದಿ ತನಕ ತೆಗೀಬಹುದು. ನಿಮ್ಮದರಲ್ಲಿ ಆ ಜಾಡು ಇಲ್ಲ, ಹಾಗಾಗಿ ಸಾರಾಂಶದ ಫೈಲು ಪೂರ್ತಿ ಎಸೆದು ಕ್ಲೀನ್ ಆದ ನೆನಪಿಂದ ಹೊಸದು ಮಾಡಿಸಿ. ಸಾರಾಂಶದೊಳಗಿಂದ ಒಂದು ವಾಕ್ಯ ಕತ್ತರಿಸೋಕೆ ಮಾಡೆಲ್‌ಗೆ ಹೇಳಬೇಡಿ, ಅದು "ಒಬ್ಬ ಗೆಸ್ಟಿಗೆ ಆರೋಗ್ಯದ ಕಾರಣಕ್ಕೆ ಫ್ರಿಜ್ ಬೇಕಿತ್ತು" ಅಂತ ನಾಜೂಕಾಗಿ ಮತ್ತೆ ಅದನ್ನೇ ಬರೀತದೆ.

ಕೆಲವರು ಇನ್ನೊಂದು ಉಪಾಯ ಮಾಡ್ತಾರೆ, ಮತ್ತೆ ನೆನಪಿಡಬಾರದವರ ಪಟ್ಟಿ ಅಂತ ಇಡ್ತಾರೆ, ರಾತ್ರಿ ಕೆಲಸ ಆ ನಂಬರಿನ ಚಾಟ್ ಬಂದ್ರೆ ಮುಟ್ಟದೆ ಮುಂದೆ ಹೋಗ್ತದೆ. ಬೇಕಾದ್ರೆ ಇಡಿ, ಆದ್ರೆ ಪಟ್ಟಿಲಿ ಹೆಸರು, ಕಾರಣ ಬರೀಬೇಡಿ, ಇಲ್ಲಾಂದ್ರೆ ಮಾಲೀಕರ ಸೂಚನೆ ಕಥೆಯೇ ಮತ್ತೆ. ಫೋನ್ ನಂಬರನ್ನ ಹ್ಯಾಶ್ ಮಾಡಿ (ಅಂದ್ರೆ ಗುರುತು ಸಿಗದ ಅಕ್ಷರಗಳಾಗಿ ಬದಲಿಸಿ) ಇಡ್ತೀವಿ ಅಂತಾರೆ, ಹತ್ತಂಕಿಯ ನಂಬರಿಗೆ ಸಾದಾ ಹ್ಯಾಶ್ ಮಾಡಿದ್ರೆ ಎಲ್ಲ ನಂಬರನ್ನೂ ಒಂದೊಂದಾಗಿ ಹ್ಯಾಶ್ ಮಾಡಿ ನೋಡಿ ಕಂಡುಹಿಡೀಬಹುದು, ಬೇರೆ ಕಡೆ ಇಟ್ಟ ಒಂದು ಗುಟ್ಟಿನ ಕೀ ಸೇರಿಸಿ ಮಾಡಬೇಕು. ಹುಡುಗನಿಗೆ ಹೇಳಿ, ಅವನಿಗೆ ಅರ್ಥ ಆಗ್ತದೆ.

ಈಗ ಡೇಟಾಬೇಸಿನ ಕೆಳಗಿನ ಕೆಸರು. ನಾನು ಹದಿನೈದು ವರ್ಷ ಇದೇ ಕೆಸರಲ್ಲಿ ಇದ್ದವಳು, ಹಾಗಾಗಿ ಇಲ್ಲಿ ಸ್ವಲ್ಪ ಉದ್ದ ಆದ್ರೆ ಬೈಕೋಬೇಡಿ. ನಿಮ್ಮ ನೆನಪು ಎರಡು ಕಡೆ ಕೂತಿದೆ, ಸಾಲುಗಳು ಮನೆ ಮಿನಿ ಪಿಸಿಯ ಎಸ್‌ಕ್ಯೂಲೈಟ್ ಅನ್ನೋ ಡೇಟಾಬೇಸಲ್ಲಿ, ಹುಡುಕೋಕೆ ಬೇಕಾದ ವೆಕ್ಟರುಗಳು ಕ್ರೋಮಾ ಅನ್ನೋ ಇನ್ನೊಂದರಲ್ಲಿ. ವೆಕ್ಟರ್ ಅಂದ್ರೆ ಸಾಲಿನ ಅರ್ಥವನ್ನ ಒಂದಷ್ಟು ಸಂಖ್ಯೆಯಾಗಿ ಮಾಡಿಟ್ಟದ್ದು. ಬರೀ ಸಂಖ್ಯೆ ಅಲ್ವ ಇರ್ಲಿ ಬಿಡಿ ಅನ್ನೋ ಹಾಗಿಲ್ಲ, ಒಂದು, ನಿಮ್ಮ ಕ್ರೋಮಾದಲ್ಲಿ ಸಂಖ್ಯೆ ಜೊತೆಗೆ ಮೂಲ ಸಾಲನ್ನೂ ಇಟ್ಟಿದ್ದಾನೆ, ಎರಡು, ಚಿಕ್ಕ ಸಾಲಾದ್ರೆ ಸಂಖ್ಯೆಯಿಂದಲೇ ಮೂಲ ವಾಕ್ಯ ಬಹುಪಾಲು ವಾಪಸ್ ತೆಗೀಬಹುದು ಅಂತ ಸಂಶೋಧಕರು 2023ರಲ್ಲೇ ಮಾಡಿ ತೋರಿಸಿದ್ದಾರೆ. ಹಾಗಾಗಿ ಒಂದರಲ್ಲಿ ಅಳಿಸಿ ಇನ್ನೊಂದರಲ್ಲಿ ಬಿಟ್ರೆ ಅಳಿಸಿದ ಹಾಗಲ್ಲ. ಎರಡರಲ್ಲೂ ಒಂದೇ ಐಡಿ ಇರ್ಲಿ, ಮೊದಲು ಕ್ರೋಮಾದಿಂದ ತೆಗೆದು ಆಮೇಲೆ ಎಸ್‌ಕ್ಯೂಲೈಟಿಂದ ತೆಗೀಲಿ, ಮಧ್ಯ ಕರೆಂಟ್ ಹೋದ್ರೂ ಕಡೇಪಕ್ಷ ಹುಡುಕಿದಾಗ ಸಿಗಲ್ಲ, ಎಸ್‌ಕ್ಯೂಲೈಟಲ್ಲಿ ಉಳಿದ ಸಾಲು ಕಣ್ಣಿಗೆ ಕಾಣೋದ್ರಿಂದ ಮತ್ತೆ ಓಡಿಸಿ ಮುಗಿಸಬಹುದು. ಎಸ್‌ಕ್ಯೂಲೈಟಿಗೆ ಒಂದು ಅಭ್ಯಾಸ ಉಂಟು, ಡಿಲೀಟ್ ಅಂದ್ರೆ ಆ ಜಾಗ ಖಾಲಿ ಅಂತ ಗುರುತು ಹಾಕ್ಕೊಳ್ತದೆ ಅಷ್ಟೇ, ಅಕ್ಷರ ಅಲ್ಲೇ ಇರ್ತದೆ, ಮೇಲೆ ಬೇರೇದು ಬರೆಯೋ ತನಕ. ಸೆಕ್ಯೂರ್ ಡಿಲೀಟ್ ಅನ್ನೋ ಸೆಟ್ಟಿಂಗ್ ಆನ್ ಮಾಡಿದ್ರೆ ಸೊನ್ನೆ ಬರೆದು ಅಳಿಸ್ತದೆ, ಇಲ್ಲಾ ವ್ಯಾಕ್ಯೂಮ್ ಓಡಿಸಿದ್ರೆ ಫೈಲನ್ನೇ ಹೊಸದಾಗಿ ಕಟ್ಟುತ್ತದೆ. ಪೋಸ್ಟ್‌ಗ್ರೆಸ್ ಅನ್ನೋ ಬೇರೆ ಡೇಟಾಬೇಸ್ ಇದ್ರೂ ಡಿಲೀಟ್ ಅಂದ ಕೂಡ್ಲೆ ಅಕ್ಷರ ಹೋಗಲ್ಲ. ಇನ್ನು ಕೆಲವರು ಡಿಲೀಟೆಡ್ ಅಂತ ಒಂದು ಕಾಲಂ ಇಟ್ಟು ಅದಕ್ಕೆ ಟಿಕ್ ಹಾಕಿ ಅಳಿಸಿದೆ ಅಂತಾರೆ, ಕೈತಪ್ಪಿ ಅಳಿಸಿದ್ದು ವಾಪಸ್ ತರೋಕೆ ಒಳ್ಳೇದು, ನನ್ನ ಪೆಪ್ಪರ್ ಕಥೆಗೆ ಬೇಕಾದದ್ದು ಅದೇ, ಆದ್ರೆ ಒಬ್ಬರು ನನ್ನ ಕಾಯಿಲೆ ವಿಷಯ ತೆಗೀರಿ ಅಂದಾಗ ಟಿಕ್ ಹಾಕೋದು ಮೋಸ. ನಾನು ಮಾಡೋದು ಎರಡನ್ನೂ: ತೋಟದ ವಿಷಯಕ್ಕೆ ಟಿಕ್, 30 ದಿನ ಬಿಟ್ಟು ನಿಜವಾದ ಡಿಲೀಟ್. ಜನರ ವಿಷಯಕ್ಕೆ ಅವತ್ತೇ ನಿಜವಾದ ಡಿಲೀಟ್.

ಬ್ಯಾಕಪ್ಪಲ್ಲೂ ಉಂಟು, ಗೊತ್ತಿರ್ಲಿ. ನಿಮ್ಮ ಹುಡುಗ ದಿನಾ ಒಂದು ಕಾಪಿ ಕ್ಲೌಡಿಗೆ ಹಾಕ್ತಾನೆ, ಹಳೇದು ಯಾವತ್ತೂ ತೆಗೆಯಲ್ಲ, ಅದಕ್ಕೊಂದು ಗಡುವು ಹಾಕಿಸಿ. ಬ್ಯಾಕಪ್ಪಿಂದ ವಾಪಸ್ ತಂದ ದಿನ ಅಳಿಸಿದ್ದೆಲ್ಲ ಎದ್ದು ಬರ್ತದೆ, ಆಗ ಅಳಿಸಿದ ಐಡಿಗಳ ಪಟ್ಟಿ ಮತ್ತೆ ಓಡಿಸ್ಬೇಕು. ಟೂಲ್ ಲಾಗಲ್ಲೂ ಪೂರ್ತಿ ಸಾಲು ಪ್ರಿಂಟ್ ಆಗ್ತಿದೆ, ನೀವು ನನಗೆ ಕಳಿಸಿದ ಲಾಗಲ್ಲೇ ಆ ಮೇಡಂ ವಿಷಯ ಹನ್ನೊಂದು ಕಡೆ ಇತ್ತು! ನನ್ನ ಕಡೆ ಇದ್ದ ಕಾಪಿ ತೆಗೆದುಹಾಕಿದ್ದೇನೆ. ಲಾಗಿಗೆ ಐಡಿ ಮಾತ್ರ ಸಾಕು ಅಂತ ಹುಡುಗನಿಗೆ ಹೇಳಿ. ವಾಟ್ಸಾಪಲ್ಲಿ ಮೆಸೇಜ್ ಡಿಲೀಟ್ ಮಾಡಿದ್ರೆ ಏಜೆಂಟಿಂದನೂ ಹೋಗ್ತದಾ ಅಂತ ಯಾರೋ ನನ್ನ ಕೇಳಿದ್ರು, ಹೋಗಲ್ಲ, ಅಲ್ಲಿಂದ ಬಂದದ್ದನ್ನ ಇಲ್ಲಿ ಬೇರೆ ಬರೆದಾಗಿದೆ ಅಲ್ವ.

ಅಳಿಸಿ ಆಯ್ತು, ಪರೀಕ್ಷೆ ಹೇಗೆ? ಇಲ್ಲಿ ಎಲ್ಲರೂ ಮಾಡೋ ತಪ್ಪು ಅದೇ ಚಾಟಲ್ಲಿ "ಆ ಮೇಡಂ ಇನ್ಸುಲಿನ್ ವಿಷಯ ಮರೆತ್ಯಾ?" ಅಂತ ಕೇಳೋದು. ಒಂದು, ಆ ಚಾಟಿನ ಮೇಲುಗಡೆ ಎಲ್ಲ ಇನ್ನೂ ಕಣ್ಣೆದುರೇ ಇದೆ, ನೋಟ್‌ಬುಕ್ಕಿಂದ ಸಾಲು ಹರಿದ್ರೂ ಇವತ್ತಿನ ರೈಟರ್ ಬೆಳಿಗ್ಗೆ ಓದಿದ್ದಾನೆ, ಸಂಜೆ ತನಕ ಅವನಿಗೆ ಗೊತ್ತಿರ್ತದೆ. ಎರಡು, ನಿಮ್ಮ ಪ್ರಶ್ನೆಲೇ ಮೇಡಂ, ಇನ್ಸುಲಿನ್ ಎರಡೂ ಉಂಟು, ಅದನ್ನ ಓದಿ ಸೇವ್ ಟೂಲು ಮತ್ತೆ ಬರ್ಕೊಂಡ್ರೆ? ಆಗ್ತದೆ, ನಾನು ನೋಡಿದ್ದೇನೆ. ಹೊಸ ಚಾಟ್ ತೆಗೀರಿ, ನೆನಪು ಬರೆಯೋ ಟೂಲ್ ಬಂದ್ ಮಾಡ್ಸಿ, ಸುತ್ತಿ ಬಳಸಿ ಕೇಳಿ: ಫ್ರಿಜ್ ಯಾರಿಗೆ ಬೇಕಾಗ್ತದೆ, ಫೆಬ್ರವರಿಲಿ ಯಾರೆಲ್ಲ ಬಂದ್ರು, ಊಟದಲ್ಲಿ ಸಿಹಿ ಬೇಡ ಅಂದವರು ಯಾರು. ಅದಕ್ಕಿಂತ ನಂಬಿಕೆಯ ಪರೀಕ್ಷೆ ಅಂದ್ರೆ ಏಜೆಂಟನ್ನ ಕೇಳದೆ ಫೈಲಲ್ಲೇ ಆ ಫೋನ್ ನಂಬರ್ ಹುಡುಕಿ ಸೊನ್ನೆ ಸಿಗೋದು. ಭಾನುವಾರ ಕಳೆದು ಸೋಮವಾರ ಬೆಳಿಗ್ಗೆ ಇನ್ನೊಮ್ಮೆ ಹುಡುಕಿ, ಮರೀಬೇಡಿ.

ಆದ್ರೆ ಅಣ್ಣಾ, ನಿಮ್ಮ ಕೇಸಲ್ಲಿ ಅಳಿಸೋದು ಎರಡನೇ ಪ್ರಶ್ನೆ ಅಂತ ನನಗೆ ಅನ್ನಿಸ್ತದೆ. ಒಬ್ಬ ಗೆಸ್ಟ್ ಹೇಳಿದ್ದು ಇನ್ನೊಬ್ಬರಿಗೆ ಸಿಕ್ಕಿದ್ದು ಯಾಕೆ? ಎಲ್ಲರ ನೆನಪೂ ಒಂದೇ ಗೋಣಿಗೆ ಸುರಿದಿದ್ದಾನೆ ಹುಡುಗ. ಪ್ರತಿ ಫೋನ್ ನಂಬರಿಗೂ ಬೇರೆ ಬೇರೆ ಗೂಡು ಇರ್ಬೇಕು, ಆ ನಂಬರಿಂದ ಮಾತಾಡುವಾಗ ಆ ಗೂಡು ಮಾತ್ರ ತೆರೀಬೇಕು, ತೋಟದ ಗೂಡು ನಿಮಗೆ ನಿಮ್ಮ ಮನೆಯವರಿಗೆ ಬಿಟ್ಟು ಯಾರಿಗೂ ಇಲ್ಲ. ಇದು ಮಾಡೆಲ್‌ಗೆ ಬುದ್ಧಿ ಹೇಳಿ ಆಗೋದಲ್ಲ, ಕೋಡಲ್ಲೇ ಬೀಗ ಹಾಕ್ಬೇಕು. ಡಿಲೀಟ್ ಟೂಲ್ ಕೊಟ್ಟ ಮೇಲಂತೂ ಇನ್ನೂ ಮುಖ್ಯ, ಯಾವುದೋ ಗೆಸ್ಟಿನ ಮಗ ತಮಾಷೆಗೆ "ನಿನ್ನ ನೆನಪೆಲ್ಲ ಅಳಿಸು" ಅಂತ ಟೈಪ್ ಮಾಡಿ ನಿಮ್ಮ ಪಿಕ್ಕಿಂಗ್ ಸೀಸನ್ನಿನ ಕೆಜಿ ಲೆಕ್ಕ ಪೂರ್ತಿ ಹೋದ್ರೆ? ಫೈಲ್ ಫೋಲ್ಡರ್ ಲೆಕ್ಕದ ಮೆಮೊರಿ ಇದ್ರೆ ಫೈಲಿನ ವಿಳಾಸದಲ್ಲಿ ಎರಡು ಚುಕ್ಕಿ (..) ಹಾಕಿ ಮೇಲಿನ ಫೋಲ್ಡರಿಗೆ ಹತ್ತೋ ಹಳೇ ಕಳ್ಳದಾರಿನೂ ಮುಚ್ಚಬೇಕು, ಇಲ್ಲಾಂದ್ರೆ ನೆನಪಿನ ಹೆಸರಲ್ಲಿ ಬೇರೆ ಫೈಲೇ ಅಳಿಸಿಬಿಡಬಹುದು. ಅಳಿಸೋದೊಂದೇ ಅಲ್ಲ, ಸುಳ್ಳು ನೆನಪು ತುರುಕೋದೂ ಆಗ್ತದೆ, 2024ರಲ್ಲಿ ಯೋಹಾನ್ ರೆಹ್‌ಬರ್ಗರ್ ಅನ್ನೋ ಸೆಕ್ಯೂರಿಟಿ ಸಂಶೋಧಕರು ಒಂದು ವೆಬ್‌ಪೇಜಿನ ಮಾತಿಂದಲೇ ಚಾಟ್‌ಜಿಪಿಟಿ ನೆನಪಿಗೆ ಸೂಚನೆ ಸೇರಿಸಿ ಮುಂದಿನ ಚಾಟುಗಳ ಮಾಹಿತಿ ಹೊರಗೆ ಹೋಗೋ ಹಾಗೆ ಮಾಡಿ ತೋರಿಸಿದ್ರು, ಆಮೇಲೆ ಕಂಪನಿಯವರು ಮಾಹಿತಿ ಹೋಗೋ ಆ ದಾರಿ ಮುಚ್ಚಿದ್ರು. ಹಾಗಾಗಿ ತಿಂಗಳಿಗೊಮ್ಮೆ ನೆನಪಿನ ಪಟ್ಟಿ ತೆಗೆದು ನಾವು ಹೇಳದೇ ಇದ್ದದ್ದು ಏನಾದ್ರೂ ಕೂತಿದ್ಯಾ ಅಂತ ನೋಡೋದು ಒಳ್ಳೇದು.

ಏನನ್ನ ಬರೆದಿಟ್ಕೊಳ್ಳೋದೇ ಬೇಡ ಅಂತ ಮೊದಲೇ ತೀರ್ಮಾನ ಮಾಡಿದ್ರೆ ಈ ಗೋಳು ಅರ್ಧ ಕಮ್ಮಿ. ಕಾಯಿಲೆ, ದುಡ್ಡಿನ ತೊಂದರೆ, ಮನೆ ಜಗಳ, ಯಾರ ಜೊತೆ ಯಾರು ಬಂದ್ರು, ಇಂಥದ್ದು ಬೇಡ ಅಂತ ಸೇವ್ ಟೂಲಲ್ಲೇ ತಡೆ ಹಾಕ್ಸಿ. ಗೆಸ್ಟಿನ ಊಟ, ರೂಮಿನ ಇಷ್ಟ ಎಲ್ಲ ಬರೆಯುವಾಗಲೇ ವಾಯಿದೆ ಹಾಕ್ಸಿ, ಚೆಕ್ ಔಟ್ ಆಗಿ 30 ದಿನ, ತಾನಾಗೇ ಹೋಗ್ಲಿ. ಕಾಫಿ ರೇಟ್ ದಿನಾ ಬದಲಾಗೋದು, ಅದನ್ನ ನೆನಪಲ್ಲಿ ಇಡೋದೇ ತಪ್ಪು, ಕೇಳಿದಾಗ ಅವತ್ತಿನದ್ದು ನೋಡಿ ಹೇಳ್ಲಿ. ಬದಲಾದ ವಿಷಯಕ್ಕೆ ಡಿಲೀಟ್ ಬೇಡ, ಅಪ್‌ಡೇಟ್ ಸಾಕು, ಹಳೇ ಸಾಲಿನ ಮೇಲೇ ತಾರೀಕು ಹಾಕಿ ಹೊಸದು ಬರೀಲಿ. ಮೆಮ್‌ಝೀರೋ ಅಂತ ಏಜೆಂಟುಗಳ ನೆನಪು ನೋಡ್ಕೊಳ್ಳೋ ಒಂದು ಸಾಫ್ಟ್‌ವೇರ್ ಉಂಟು, ಅವರ 2025ರ ಪೇಪರಲ್ಲಿ ಹೊಸ ಮಾತು ಬಂದಾಗ ಸೇರಿಸು, ಬದಲಿಸು, ಅಳಿಸು, ಸುಮ್ಮನಿರು ಅನ್ನೋ ನಾಲ್ಕರಲ್ಲಿ ಒಂದನ್ನ ಮಾಡೆಲ್ಲೇ ಆರಿಸ್ತದೆ, ಚೆನ್ನಾಗಿದೆ, ಆದ್ರೆ ಅಲ್ಲಿ ಅಳಿಸೋದು ಹಳೇದಕ್ಕೂ ಹೊಸದಕ್ಕೂ ತಾಳೆ ಆಗದಿದ್ದಾಗ. ಒಬ್ಬರು ದಯವಿಟ್ಟು ತೆಗೀರಿ ಅಂದಾಗ ಮಾಡ್ಬೇಕಾದ ಅಳಿಸೋದು ಬೇರೆ, ಅದನ್ನ ಮಾಡೆಲ್ ವಿವೇಚನೆಗೆ ಬಿಡೋದಲ್ಲ. ಆಳಿನ ಅಡ್ವಾನ್ಸು, ಚೆಕ್‌ರೋಲು (ಹಾಜರಿ ಪುಸ್ತಕ) ಇದ್ಯಾವುದನ್ನೂ ಏಜೆಂಟ್ ನೆನಪಲ್ಲಿ ಇಡಬೇಡಿ, ಅದಕ್ಕೆ ಲೆಡ್ಜರ್ ಇರ್ಲಿ, ಏಜೆಂಟ್ ಅಲ್ಲಿಂದ ಓದ್ಲಿ ಅಷ್ಟೇ. ಸಾರಾಂಶ ಮಾಡುವಾಗ ಸೊನ್ನೆ ಒಂದು ಹೋದ್ರೆ ಆಳುಗಳ ಲೈನ್ ಮನೆ ಎದುರು ನಿಂತು ಉತ್ತರ ಹೇಳ್ಬೇಕಾದವರು ನೀವು.

ಕಾನೂನು ಕೇಳಿದ್ರಿ ಅಲ್ವ ಫೋನಲ್ಲಿ. 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ ತನ್ನ ಮಾಹಿತಿ ತಿದ್ದಿ, ಅಳಿಸಿ ಅಂತ ಕೇಳೋ ಹಕ್ಕು ಗೆಸ್ಟಿಗೆ ಉಂಟು. ನಿಯಮಗಳು 2025ರ ನವೆಂಬರಲ್ಲಿ ಬಂದ್ವು, ಜಾರಿ ಹಂತ ಹಂತವಾಗಿ, ಇಂಥ ಮುಖ್ಯ ಭಾಗಗಳಿಗೆ 18 ತಿಂಗಳು ಟೈಮ್ ಕೊಟ್ಟಿದ್ದಾರೆ. ಟೈಮ್ ಉಂಟಲ್ಲ ಅಂತ ಕಾಯೋದು ಬೇಡ, ಈಗಲೇ ಮಾಡಿ. ಅದೇ ಕಾಯ್ದೆ ಬೇರೆ ಕಾನೂನಿಗೆ ಇಟ್ಟುಕೊಳ್ಳಲೇಬೇಕಾದ್ದನ್ನ ಇಟ್ಟುಕೊಳ್ಳೋಕೆ ಬಿಡ್ತದೆ, ಹಾಗಾಗಿ ಗೆಸ್ಟ್ ರಿಜಿಸ್ಟರ್, ಬಿಲ್ಲು, ವಿದೇಶದವರಾದ್ರೆ 24 ಗಂಟೆ ಒಳಗೆ ಸರ್ಕಾರಕ್ಕೆ ಹಾಕೋ ಮಾಹಿತಿ ಫಾರ್ಮ್ (ಹಿಂದೆ ಸಿ ಫಾರ್ಮ್ ಅಂತಿದ್ದದ್ದು), ಇದನ್ನೆಲ್ಲ ಯಾರೋ ಕೇಳಿದ್ರು ಅಂತ ಅಳಿಸಬೇಡಿ. ಅದರಲ್ಲಿ ಇನ್ಸುಲಿನ್ ವಿಷಯ ಇರೋದೂ ಇಲ್ಲ. ಮತ್ತೆ ನೀವು ನಿಮ್ಮ ಸ್ವಂತಕ್ಕೆ ಚಾಟ್‌ಜಿಪಿಟಿ ಬಳಸ್ತೀರಿ ಅಂದ್ರಿ, ಅಲ್ಲಿ ಚಾಟ್ ಅಳಿಸಿದ್ರೆ ಸೇವ್ ಆದ ನೆನಪು ಹೋಗಲ್ಲ, ಸೆಟ್ಟಿಂಗಲ್ಲಿ ಮೆಮೊರಿ ಪಟ್ಟಿಗೆ ಹೋಗಿ ಬೇರೆ ಅಳಿಸ್ಬೇಕು, ಅಳಿಸಿದ ನೆನಪಿನ ಲಾಗನ್ನ 30 ದಿನದ ತನಕ ಇಟ್ಟುಕೊಳ್ಳಬಹುದು ಅಂತ ಕಂಪನಿಯವರೇ ಹೇಳ್ತಾರೆ.

ಕೊನೆಗೆ ಆ ಗೆಸ್ಟಿಗೆ ಏನು ಬರೀಲಿ ಅಂದ್ರಿ. ಏಜೆಂಟ್ ಕೈಲಿ ಬರೆಸ್ಬೇಡಿ, ನೀವೇ ನಿಮ್ಮ ಫೋನಿಂದ ಕಳಿಸಿ, ಸೋಮವಾರದ ಪರೀಕ್ಷೆ ಮುಗಿದ ಮೇಲೆ. ಕಾಯಿಲೆ ಹೆಸರು ಮತ್ತೆ ಎತ್ತಬೇಡಿ. ನಾನಾದ್ರೆ ಹೀಗೆ ಬರೀತೇನೆ:

"ಸರ್, ನೀವು ಹೇಳಿದ ವಿಷಯ ನಮ್ಮ ಬುಕ್ಕಿಂಗ್ ಏಜೆಂಟಲ್ಲಿ ಐದು ಕಡೆ ಇತ್ತು, ಐದನ್ನೂ ಅಳಿಸಿ ನಾನೇ ಕೂತು ಚೆಕ್ ಮಾಡಿದ್ದೇನೆ. ಬ್ಯಾಕಪ್ ಕಾಪಿ ಈ ತಿಂಗಳ ಕೊನೆಗೆ ಹೋಗ್ತದೆ, ಅಲ್ಲಿ ತನಕ ಅದನ್ನ ಯಾರೂ ತೆರೆಯಲ್ಲ. ರಿಜಿಸ್ಟರಲ್ಲಿ ನಿಮ್ಮ ಹೆಸರು, ವಿಳಾಸ, ತಾರೀಕು ಮಾತ್ರ ಇರ್ತದೆ, ಅದು ನಿಯಮಕ್ಕೆ ಬೇಕು. ನಿಮ್ಮ ಸಹೋದ್ಯೋಗಿಗೆ ಹೇಳಿದ್ದು ನಮ್ಮ ತಪ್ಪು, ಅದನ್ನ ವಾಪಸ್ ತಗೊಳ್ಳೋಕೆ ಆಗಲ್ಲ, ಕ್ಷಮಿಸಿ."

ಆ ಬ್ಯಾಕಪ್ ಸಾಲು ಬರೆಯೋ ಮುಂಚೆ ಹುಡುಗ ನಿಜವಾಗಿ ಗಡುವು ಹಾಕಿದ್ದಾನಾ ಅಂತ ಸ್ಕ್ರೀನ್‌ಶಾಟ್ ತರಿಸ್ಕೊಳ್ಳಿ. ಹಾಕಿದ್ದೇನೆ ಅಂತ ಫೋನಲ್ಲಿ ಹೇಳಿದ್ರೆ ಬೇಡ.